ತಾಕಾ, ಯಿಂಗ್, ಉಂಗ್: ಅಕ್ಷರ ಒಂದೇ, ಹಕ್ಕಿ ಯಾವುದು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮಕ್ಕಳ ಗೋಡೆಪತ್ರಿಕೆಗೆ ಜಪಾನಿ ಗಾದೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಕಡೆ ಕೆಲಸ ನಿಂತುಬಿಟ್ಟಿದೆ. ‘ತೊಂಬಿ ಗ ತಾಕಾ ಒ ಉಮು’ ಅಂತ ಒಂದು ಗಾದೆ. ತೊಂಬಿ ತಾಕಾವನ್ನು ಹೆತ್ತಿತು ಅಂತ ಅರ್ಥ. ಸಾಧಾರಣ ಅಪ್ಪ ಅಮ್ಮನಿಗೆ ತುಂಬಾ ಜಾಣ ಮಗು ಹುಟ್ಟಿದರೆ ಹೀಗೆ ಹೇಳುತ್ತಾರೆ.

ತೊಂಬಿ ಅಂದರೆ ನಮ್ಮೂರ ಮೇಲೆ ಸುತ್ತುವ ಹದ್ದೇ. ಅದರಲ್ಲಿ ಅನುಮಾನ ಇಲ್ಲ. ಆದರೆ ತಾಕಾಗೆ ಏನು ಬರೆಯಲಿ? ನಿಘಂಟು ನೋಡಿದರೆ ಅದಕ್ಕೂ ಹದ್ದು ಅಂತಲೇ ಇದೆ. ಹದ್ದು ಹದ್ದನ್ನೇ ಹೆತ್ತರೆ ಅದರಲ್ಲಿ ಏನು ವಿಶೇಷ? ಅದೇ ಅಕ್ಷರವನ್ನು ಆಫೀಸಿನಲ್ಲಿರುವ ಚೀನಾದ ಗೆಳತಿಗೆ ತೋರಿಸಿದೆ. ‘ಯಿಂಗ್, ಅಂದರೆ ಈಗಲ್’ ಅಂದಳು. ಹಾಗಾದರೆ ಗರುಡವಾ? ಕೊರಿಯಾ, ವಿಯೆಟ್ನಾಂನಲ್ಲೂ ಇದೇ ಅಕ್ಷರ ಇದೆಯಂತೆ. ಅಲ್ಲಿ ಅದು ಯಾವ ಹಕ್ಕಿ? ಗೊತ್ತಿರುವವರು ದಯವಿಟ್ಟು ಹೇಳಿ.

ಕಿಟ್ಟಿ_ಗೇರ್
ಹಯಬೂಸಾ ಬೈಕಿನ ಪಕ್ಕದಲ್ಲಿ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದೇ ಅಕ್ಷರ ಅಲ್ವಾ ಇದು?

ಅಕ್ಷರಪ್ರಿಯೆ
ಅಲ್ಲ ಕಿಟ್ಟಿ, ಅದು ಬೇರೆ. ಬೈಕಿನ ಮೇಲಿರುವುದು 10 ಗೆರೆಯ ಪುಟ್ಟ ಅಕ್ಷರ. ಮೇಲೆ ಗಿಡ್ಡ ಬಾಲದ ಹಕ್ಕಿಯ ಗುರುತು, ಕೆಳಗೆ ಹತ್ತು ಅನ್ನುವ ಗುರುತು. ಜಪಾನಿಯಲ್ಲಿ ‘ಹಯಬೂಸಾ’, ಚೀನೀಯಲ್ಲಿ ‘ಸುನ್’. ಇಂಗ್ಲಿಷಿನವರ ಫಾಲ್ಕನ್.

ತುಂಗಾತೀರ ಕೇಳಿದ ತಾಕಾ ಅಕ್ಷರಕ್ಕೆ 24 ಗೆರೆ. ಮಾಳಿಗೆಯಂಥ ಒಂದು ಗುರುತು, ಅದರ ಒಳಗೆ ಮನುಷ್ಯನ ಗುರುತು, ಪಕ್ಕದಲ್ಲಿ ಗಿಡ್ಡ ಬಾಲದ ಹಕ್ಕಿ, ಇಷ್ಟಕ್ಕೂ ಕೆಳಗೆ ಮತ್ತೊಂದು ಹಕ್ಕಿ. ಒಂದೇ ಅಕ್ಷರದೊಳಗೆ ಎರಡು ಹಕ್ಕಿ ಕೂತಿವೆ. ಚೀನಾದಲ್ಲಿ ಕೆಳಗಿನ ಹಕ್ಕಿಯನ್ನು ಸರಳ ಮಾಡಿದ್ದರಿಂದ ಈಗ ಅಲ್ಲಿ 18 ಗೆರೆ. ತೈವಾನ್, ಹಾಂಗ್‌ಕಾಂಗ್, ಜಪಾನ್‌ನಲ್ಲಿ ಹಳೇ 24 ಗೆರೆಯೇ ಉಳಿದಿದೆ.

ದಾಸವಾಳ
ಮಾಳಿಗೆ, ಮನುಷ್ಯ, ಹಕ್ಕಿ! ಅಂದರೆ ಮನೆಯಲ್ಲಿ ಹಕ್ಕಿ ಸಾಕಿದ ಬೇಟೆಗಾರ ಅಂತ ತಾನೇ? ಎಷ್ಟು ಚೆನ್ನಾಗಿದೆ.

ಅಕ್ಷರಪ್ರಿಯೆ
ಕತೆ ಚೆನ್ನಾಗಿದೆ, ಆದರೆ ಹಾಗಲ್ಲ. ಮೇಲಿನ ಭಾಗ ಅಲ್ಲಿ ಇರುವುದು ಉಚ್ಚಾರ ತಿಳಿಸಲು. ‘ಉತ್ತರ ಕೊಡು, ಓಗೊಡು’ ಅನ್ನುವ ಇನ್ನೊಂದು ಅಕ್ಷರವಿದೆ. ಅದರ ಹಳೇ ರೂಪದಲ್ಲೂ ಮೇಲ್ಭಾಗ ಇದೇ, ಕೆಳಗೆ ಮಾತ್ರ ಹಕ್ಕಿಯ ಬದಲು ಹೃದಯ. ಅದರ ಉಚ್ಚಾರವೂ ಯಿಂಗ್. ಕೆಳಗಿನ ಹಕ್ಕಿ ಜಾತಿ ಹೇಳುತ್ತದೆ, ಮೇಲಿನದು ದನಿ ಹೇಳುತ್ತದೆ. ಚೀನೀ ಅಕ್ಷರಗಳಲ್ಲಿ ಬಹಳಷ್ಟು ಇದೇ ಜೋಡಣೆಯವು. ಪ್ರತಿ ಅಕ್ಷರದಲ್ಲೂ ಚಿತ್ರಕತೆ ಹುಡುಕುವುದು ಬೇಡ ಅಂತ ನನ್ನ ಕಳಕಳಿ.

ಬೀದರ್‌ವಾಲಾ
ಇಷ್ಟು ದೊಡ್ಡ ಚರ್ಚೆ ಯಾಕೆ? ಸುಮ್ನೆ ‘ಗರುಡ’ ಅಂತ ಬರೆಯಿರಿ. ಹದ್ದು ಗರುಡನನ್ನು ಹೆತ್ತಿತು. ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತದೆ.

ಹಕ್ಕಿಕಣ್ಣು
ಒಪ್ಪಲ್ಲ ಗುರು. ನಮ್ಮಲ್ಲಿ ಜನ ಗರುಡ ಅಂತ ಕೈಮುಗಿಯುವುದು ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆಯ ಹಕ್ಕಿಗೆ. ಅದೂ ಹದ್ದಿನ ಜಾತಿಯದೇ. ತಾಕಾ ಅಂದರೆ ಜಪಾನಿನವರ ಮನಸ್ಸಿಗೆ ಮೊದಲು ಬರುವುದು ‘ಓತಾಕಾ’. ಕಾಡಿನ ಮರಗಳ ನಡುವೆ ನುಗ್ಗಿ ಬಾತು, ಮೊಲ ಹಿಡಿಯುವ ಹಕ್ಕಿ. ನಮ್ಮ ತೋಟಗಳಲ್ಲಿ ಓತಿಕ್ಯಾತ ಹಿಡಿಯುವ ಶಿಕ್ರಾ ಇದೆಯಲ್ಲ, ಅದರ ದೊಡ್ಡ ನೆಂಟ. ಕನ್ನಡದಲ್ಲಿ ಅದಕ್ಕೆ ಗಿಡುಗ ಅನ್ನಬೇಕು. ಇನ್ನೊಂದು ಮಾತು. ಜಪಾನಿನ ತೊಂಬಿ ಮತ್ತು ಬೆಂಗಳೂರಿನ ಹದ್ದು ಒಂದೇ ಪ್ರಭೇದ. ಅಲ್ಲಿಯದು ಉಪಜಾತಿ ಬೇರೆ, ಅಷ್ಟೇ.

ಕಾಮಾಕುರಾ_ಕನ್ನಡತಿ
ಹದ್ದಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಕಾಮಾಕುರಾ, ಎನೋಶಿಮಾ ಕಡಲತಡಿಯಲ್ಲಿ ಕೈಯಲ್ಲಿ ತಿಂಡಿ ಹಿಡಿದು ನಿಲ್ಲುವಂತಿಲ್ಲ. ತೊಂಬಿ ಹಿಂದಿನಿಂದ ಬಂದು ಎಗರಿಸಿಕೊಂಡು ಹೋಗುತ್ತದೆ. ‘ತೊಂಬಿ ಬಗ್ಗೆ ಎಚ್ಚರ’ ಅಂತ ಫಲಕವನ್ನೇ ಹಾಕಿದ್ದಾರೆ. ಇದಕ್ಕೂ ಗಾದೆ ಇದೆ, ‘ಎಣ್ಣೆಯಲ್ಲಿ ಕರಿದ ತೋಫುವನ್ನು ತೊಂಬಿ ಹೊತ್ತುಕೊಂಡು ಹೋಯಿತು’ ಅಂತ. ಕೈಗೆ ಬಂದದ್ದನ್ನು ಇನ್ಯಾರೋ ಎಗರಿಸಿದಾಗ ಹೇಳುವ ಮಾತು.

ತಾಕಾಗೆ ಮಾತ್ರ ಎಲ್ಲ ಕಡೆ ಮರ್ಯಾದೆ. ಹೊಸ ವರ್ಷದ ಮೊದಲ ಕನಸಿನಲ್ಲಿ ಫುಜಿ ಬೆಟ್ಟ ಕಂಡರೆ ಎಲ್ಲಕ್ಕಿಂತ ಶುಭ, ಎರಡನೆಯದು ತಾಕಾ, ಮೂರನೆಯದು ಬದನೆಕಾಯಿ. ‘ಬಲ್ಲ ತಾಕಾ ಉಗುರು ಬಚ್ಚಿಡುತ್ತದೆ’ ಅಂತ ಮತ್ತೊಂದು ಗಾದೆ. ನಿಜವಾಗಿ ಗೊತ್ತಿರುವವನು ತೋರಿಸಿಕೊಂಡು ತಿರುಗುವುದಿಲ್ಲ ಅಂತ.

ಬೀದರ್‌ವಾಲಾ
ಬದನೆಕಾಯಿ ಯಾಕೆ?

ಕಾಮಾಕುರಾ_ಕನ್ನಡತಿ
ಹಲವು ವಿವರಣೆ ಇವೆ. ಬದನೆಗೆ ಅಲ್ಲಿ ‘ನಾಸು’ ಅನ್ನುತ್ತಾರೆ, ‘ಸಾಧಿಸು’ ಅನ್ನುವ ಮಾತಿಗೂ ಅದೇ ದನಿ. ಮೂರೂ ಜಪಾನನ್ನು ಆಳಿದ ಶೋಗನ್, ಅಂದರೆ ಸೇನಾಧಿಪತಿ, ತೊಕುಗಾವಾ ಇಯೆಯಾಸುಗೆ ಇಷ್ಟವಾದವು ಅಂತಲೂ ಹೇಳುತ್ತಾರೆ. ತಾಕಾ ಹಿಡಿದು ಬೇಟೆಯಾಡುವ ಹುಚ್ಚು ಅವನಿಗೆ ಬಹಳ ಇತ್ತು. ತೋಕ್ಯೋ ಪಕ್ಕದ ಮಿತಾಕಾ ಊರಿನ ಹೆಸರಿಗೂ ‘ಮೂರು ತಾಕಾ’ ಅಂತ ಅರ್ಥ. ಆ ಸುತ್ತಮುತ್ತ ಶೋಗನ್ ಮನೆತನದ ಬೇಟೆಯ ಬಯಲುಗಳಿದ್ದವು.

ಅಡಿಕೆಸಿಪ್ಪೆ
ಬೇಟೆಯ ಹಕ್ಕಿಗೆ ಇಷ್ಟು ಮರ್ಯಾದೆ, ಕಸದ ಗುಡ್ಡೆಯ ಹಕ್ಕಿಗೆ ಇಲ್ಲ. ರಾಜರು ಕೈಮೇಲೆ ಕೂರಿಸಿಕೊಂಡದ್ದು ಮೇಲು, ಉಳಿದದ್ದು ಕೀಳು. ಗಾದೆಯ ಹಿಂದೆ ಇರುವುದು ಅದೇ. ಮಕ್ಕಳಿಗೆ ಇದನ್ನೂ ಹೇಳಿ.

ಸುವೊನ್_ಸುರೇಶಣ್ಣ
ನಾನು ಕೊರಿಯಾದಲ್ಲಿದ್ದೇನೆ. ಇಲ್ಲಿ ಆ ಅಕ್ಷರದ ಓದು ‘ಉಂಗ್’. ಆದರೆ ದಿನದ ಮಾತಿನಲ್ಲಿ ಯಾರೂ ಉಂಗ್ ಅನ್ನುವುದಿಲ್ಲ, ‘ಮೆ’ ಅನ್ನುತ್ತಾರೆ. ಅದು ಅಚ್ಚ ಕೊರಿಯನ್ ಪದ. ಉಂಗ್ ಉಳಿದಿರುವುದು ಊರು, ಬೆಟ್ಟದ ಹೆಸರುಗಳಲ್ಲಿ. ಸಿಯೋಲ್‌ನಲ್ಲಿ ಹಾನ್ ನದಿಯ ದಡಕ್ಕೆ ಉಂಗ್‌ಬೊಂಗ್ ಅಂತ ಗುಡ್ಡ ಇದೆ, ವಸಂತದಲ್ಲಿ ಪೂರ್ತಿ ಹಳದಿ ಹೂವು. ‘ಗಿಡುಗನ ಶಿಖರ’ ಅಂತ ಅರ್ಥ. ರಾಜರು ಅಲ್ಲಿ ಗಿಡುಗ ಹಾರಿಸುತ್ತಿದ್ದರಂತೆ. ಅದೇ ಊರಿನಲ್ಲಿ ಮೆಬೊಂಗ್ ಅಂತಲೂ ಮೆಟ್ರೊ ನಿಲ್ದಾಣ ಇದೆ. ಅರ್ಥ ಒಂದೇ, ಒಂದು ಚೀನೀ ಓದು, ಇನ್ನೊಂದು ದೇಸಿ.

ಮಂಗೋಲರ ಕಾಲದಲ್ಲಿ, 1275ರಲ್ಲಿ, ಆಗ ಕೊರಿಯಾ ಆಳುತ್ತಿದ್ದ ಗೊರ್ಯೊ ಅರಸರು ಗಿಡುಗಗಳಿಗೆಂದೇ ಒಂದು ಕಚೇರಿ ತೆರೆದರು. ಹೆಸರು ಉಂಗ್‌ಬಾಂಗ್. ಹಕ್ಕಿ ಹಿಡಿದು, ಪಳಗಿಸಿ, ಕಪ್ಪವಾಗಿ ಮಂಗೋಲರಿಗೆ ಕಳಿಸುವುದು ಅದರ ಕೆಲಸ. ಜನರಿಗೆ ಇದರಿಂದ ಬಹಳ ಕಿರುಕುಳ ಆಯಿತು.

ಸುವೊನ್_ಸುರೇಶಣ್ಣ
ಇನ್ನೊಂದು ಹೇಳಲೇಬೇಕು. ಸಾಕಿದ ಗಿಡುಗನ ಬಾಲಕ್ಕೆ ಒಡೆಯನ ಹೆಸರಿನ ಪಟ್ಟಿ ಕಟ್ಟುತ್ತಿದ್ದರು. ಅದಕ್ಕೆ ‘ಶಿಚಿಮಿ’ ಅಂತ ಹೆಸರು. ಕಳ್ಳರು ಆ ಪಟ್ಟಿ ಕಿತ್ತು ಹಾಕಿ, ಹಕ್ಕಿ ತಮ್ಮದೇ ಅನ್ನುತ್ತಿದ್ದರು. ಇವತ್ತಿಗೂ ಕೊರಿಯನ್‌ನಲ್ಲಿ ಮಾಡಿದ್ದನ್ನು ಮಾಡೇ ಇಲ್ಲ ಅನ್ನುವಂತೆ ಮುಖ ಮಾಡಿಕೊಂಡು ನಿಂತವರಿಗೆ ‘ಶಿಚಿಮಿ ಕೀಳಬೇಡ’ ಅನ್ನುತ್ತಾರೆ. ಗಿಡುಗ ಹಾರಿಸುವವರು ಈಗ ಬೆರಳೆಣಿಕೆಯಷ್ಟು. ಮಾತು ಮಾತ್ರ ಎಲ್ಲರ ಬಾಯಲ್ಲಿದೆ.

ದಾಸವಾಳ
ಅಣ್ಣ, ಇದು ತುಂಬಾ ಇಷ್ಟವಾಯಿತು. ಏನೂ ಗೊತ್ತಿಲ್ಲದವನ ಹಾಗೆ ನಿಲ್ಲುವುದಕ್ಕೆ ಇದಕ್ಕಿಂತ ಒಳ್ಳೆ ಮಾತು ಇಲ್ಲ.

ಕಿಟ್ಟಿ_ಗೇರ್
ಕೊರಿಯಾದ ಹೊಸ ಫೈಟರ್ ವಿಮಾನದ ಹೆಸರು ಬೊರಾಮೆ ಅಲ್ವಾ? ಅದರಲ್ಲೂ ಇದೇ ‘ಮೆ’ ಇದೆಯಾ?

ಸುವೊನ್_ಸುರೇಶಣ್ಣ
ಹೌದು ಕಿಟ್ಟಿ. ಕೆಎಫ್-21 ಬೊರಾಮೆ. ಮೊದಲ ವಿಮಾನವನ್ನು ಹೊರಗೆ ತಂದು ತೋರಿಸಿದ್ದು 2021ರ ಏಪ್ರಿಲ್‌ನಲ್ಲಿ. ಬೊರಾಮೆ ಅಂದರೆ ಒಂದು ವರ್ಷ ತುಂಬುವ ಮೊದಲೇ ಹಿಡಿದು ಪಳಗಿಸಿದ ಎಳೆ ಗಿಡುಗ. ಕಾಡಿನಲ್ಲೇ ಬೆಳೆದದ್ದು ಸಾನ್‌ಜಿನಿ, ಮನುಷ್ಯನ ಕೈಯಲ್ಲಿ ವರ್ಷ ಕಳೆದದ್ದು ಸೂಜಿನಿ. ಒಂದೇ ಹಕ್ಕಿಗೆ ವಯಸ್ಸಿನ ಪ್ರಕಾರ ಹೆಸರು. ಬೊರಾ ಅನ್ನುವ ಭಾಗ ಮಂಗೋಲ್ ಭಾಷೆಯಿಂದ ಬಂತು ಅನ್ನುತ್ತಾರೆ.

ಮೈಲಾರಿ
ಒಂದೇ ಅಕ್ಷರಕ್ಕೆ ಯಿಂಗ್, ಉಂಗ್, ತಾಕಾ ಅಂತ ಇಷ್ಟು ದೂರ ದೂರದ ಉಚ್ಚಾರ ಹೇಗೆ ಬರುತ್ತದೆ? ತಾಕಾಗೂ ಯಿಂಗ್‌ಗೂ ಸಂಬಂಧವೇ ಕಾಣುವುದಿಲ್ಲ.

ಅಕ್ಷರಪ್ರಿಯೆ
ತಾಕಾಗೂ ಯಿಂಗ್‌ಗೂ ನಿಜವಾಗಿ ಸಂಬಂಧ ಇಲ್ಲ. ತಾಕಾ ಜಪಾನಿನ ಸ್ವಂತ ಪದ. ಅಕ್ಷರ ಚೀನಾದಿಂದ ಬಂದಾಗ ಅದರ ಮೇಲೆ ತಮ್ಮ ಪದ ಕೂರಿಸಿಕೊಂಡರು. ಅಕ್ಷರದ ಜೊತೆಗೆ ಚೀನೀ ಉಚ್ಚಾರವೂ ಬಂತು, ಅದು ಜಪಾನಿ ಬಾಯಲ್ಲಿ ‘ಯೋ’ ಆಯಿತು. ಕೊನೆಯ ‘ಂಗ್’ ದನಿ ಅಲ್ಲಿ ಕರಗಿ ದೀರ್ಘ ಸ್ವರವಾಗುತ್ತದೆ. ಪೂರ್ವ ದಿಕ್ಕು ಅನ್ನುವ ಪದ ನೋಡಿ. ಚೀನೀಯಲ್ಲಿ ದೊಂಗ್, ಕೊರಿಯನ್‌ನಲ್ಲಿ ದೊಂಗ್, ವಿಯೆಟ್ನಾಮಿಯಲ್ಲಿ ದೊಂಗ್, ಜಪಾನಿಯಲ್ಲಿ ತೋ. ತೋಕ್ಯೋದ ತೋ ಇದೇ. ಹಾಗೆಯೇ ಯಿಂಗ್, ಉಂಗ್, ಉಂಗ್, ಯೋ.

ಯೋ ಅನ್ನುವ ಓದು ಕೇಳಬೇಕಾದರೆ ಉಯೆಸುಗಿ ಯೋಜಾನ್ ಹೆಸರು ನೋಡಿ. 18ನೇ ಶತಮಾನದಲ್ಲಿ ಯೊನೆಜಾವಾ ಸೀಮೆಯನ್ನು ಸಾಲದಿಂದ ಎತ್ತಿ ನಿಲ್ಲಿಸಿದ ಅರಸ. ಯೋಜಾನ್ ಅಂದರೆ ಗಿಡುಗನ ಬೆಟ್ಟ.

ಹಳೇಬೇರು
ಅರಸರ ಹೆಸರಿನ ವಿಷಯ ಬಂದದ್ದರಿಂದ ನಮ್ಮ ಕಡೆಯದೂ ಒಂದು. ವಿಜಯನಗರದ ಸಾಳುವ ನರಸಿಂಹ 1485ರಲ್ಲಿ ಪಟ್ಟಕ್ಕೆ ಬಂದ. ಸಾಳುವ ಅಂದರೆ ಹಳಗನ್ನಡದಲ್ಲಿ ಬೇಟೆಯ ಗಿಡುಗ. ಅದಕ್ಕೂ ಮುಂಚೆ, 12ನೇ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಗಿಡುಗ ಹಾರಿಸುವ ಆಟಕ್ಕೆಂದೇ ಒಂದು ಭಾಗ ಇದೆ, ಶ್ಯೇನವಿನೋದ ಅಂತ. ನಮ್ಮ ಅರಸರಿಗೂ ಈ ಹುಚ್ಚು ಇತ್ತು. ಪದ ಇಲ್ಲ ಅಂತ ಒದ್ದಾಡುವುದು ಯಾಕೆ? ‘ಹದ್ದಿಗೆ ಸಾಳುವ ಹುಟ್ಟಿತು’ ಅಂತ ಬರೆಯಿರಿ.

ಹಕ್ಕಿಕಣ್ಣು
ಸಾಳುವ ಸುಂದರ ಪದ. ಆದರೆ ಮೂರನೇ ಕ್ಲಾಸಿನ ಮಗು ಅದನ್ನು ಎಲ್ಲಿ ಕೇಳಿರುತ್ತದೆ? ಗಿಡುಗ ಅಂದರೆ ಸಾಕು.

ಹಳೇಬೇರು
ಕೇಳದಿದ್ದರೆ ಈಗ ಕೇಳಲಿ. ಇಂಥ ಕಡೆ ಬಳಸದಿದ್ದರೆ ಆ ಪದ ಎಲ್ಲಿ ಬದುಕಬೇಕು?

ಮೈಲಾರಿ
ಗಾದೆಯ ಬದಲಿಗೆ ಗಾದೆಯನ್ನೇ ಕೊಡಿ. ‘ಕೆಸರಿನಲ್ಲಿ ಕಮಲ’ ಅಂದರೆ ಮುಗಿಯಿತು. ನಮ್ಮಲ್ಲಿ ಜಾಸ್ತಿ ಕೇಳುವುದು ಇದರ ಉಲ್ಟಾ, ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’. ಜಪಾನಿನಲ್ಲೂ ಅದಕ್ಕೆ ಜೋಡಿ ಇದೆಯಾ?

ಕಾಮಾಕುರಾ_ಕನ್ನಡತಿ
ಇದೆ. ‘ಕಪ್ಪೆಯ ಮರಿ ಕಪ್ಪೆಯೇ’.

ತುಂಗಾತೀರ
ಕಮಲ ಬೇಡ ಮೈಲಾರಿ ಸರ್. ಮಕ್ಕಳು ಆ ಎರಡು ಹಕ್ಕಿಗಳನ್ನು ನೋಡಬೇಕು ಅನ್ನುವುದೇ ನನ್ನ ಆಸೆ. ‘ಹದ್ದಿನ ಗೂಡಿನಲ್ಲಿ ಗಿಡುಗ ಹುಟ್ಟಿತು’ ಅಂತ ಬರೆದು, ಕೆಳಗೆ ಎರಡರ ಚಿತ್ರ ಬಿಡಿಸುತ್ತೇವೆ. ಸಾಳುವ ಪದವನ್ನು ಚಿತ್ರದ ಪಕ್ಕ ಬರೆಯುತ್ತೇವೆ. ಹಳೇಬೇರು ಅವರಿಗೆ ಧನ್ಯವಾದ. ಆದರೆ ಚೀನಾದ ಗೆಳತಿ ಈಗಲ್ ಅಂದದ್ದು ಯಾಕೆ ಅಂತ ಇನ್ನೂ ಗೊತ್ತಾಗಲಿಲ್ಲ.

ಕೀಲುಂಗ್_ಮಳೆ
ನಾನು ತೈವಾನಿನ ಕೀಲುಂಗ್‌ನಲ್ಲಿದ್ದೇನೆ. ಚೀನೀಯಲ್ಲಿ ಯಿಂಗ್ ತುಂಬಾ ಸಡಿಲವಾದ ಪದ. ‘ಲಾವ್ ಯಿಂಗ್’ ಅಂದರೆ ಆಕಾಶದಲ್ಲಿ ಸುತ್ತುವ, ಕೊಕ್ಕೆ ಕೊಕ್ಕಿನ ಯಾವ ದೊಡ್ಡ ಹಕ್ಕಿಯೂ ಆಗಬಹುದು. ಇಂಗ್ಲಿಷಿಗೆ ಹಾಕುವಾಗ ಹೆಚ್ಚಿನವರು ಈಗಲ್ ಅಂದುಬಿಡುತ್ತಾರೆ. ಆದರೆ ನಮ್ಮ ಕೀಲುಂಗ್ ಬಂದರಿನ ಮೇಲೆ ಸುತ್ತುವ ಲಾವ್ ಯಿಂಗ್ ಯಾವುದು ಗೊತ್ತಾ? ಅಪ್ಪಟ ಹದ್ದು! ಅದೇ ಈ ಊರಿನ ಅಧಿಕೃತ ಹಕ್ಕಿ ಕೂಡ. ಅಂದರೆ ಜಪಾನಿನ ತೊಂಬಿಯನ್ನೇ ಇಲ್ಲಿನ ಜನ ತಾಕಾದ ಅಕ್ಷರ ಹಾಕಿ ಕರೆಯುತ್ತಾರೆ.

ಮಕ್ಕಳ ಆಟವೂ ಇದೆ, ‘ಲಾವ್ ಯಿಂಗ್ ಕೋಳಿಮರಿ ಹಿಡಿಯುತ್ತೆ’ ಅಂತ. ಒಬ್ಬ ಮುಂದೆ ತಾಯಿಕೋಳಿ, ಹಿಂದೆ ಅಂಗಿ ಹಿಡಿದ ಮರಿಗಳ ಸಾಲು. ಗೂಬೆಗೂ ಯಿಂಗ್ ಅಂತಲೇ ಹೆಸರು, ‘ಬೆಕ್ಕಿನ ತಲೆಯ ಯಿಂಗ್’. ಹೀಗಿರುವಾಗ ಅಕ್ಷರ ನೋಡಿ ಹಕ್ಕಿ ಹೇಳುವುದು ಹೇಗೆ?

ಹಕ್ಕಿಕಣ್ಣು
ಇದಕ್ಕೇ ನಾನು ಹೇಳುವುದು, ಅಕ್ಷರ ಬಿಡಿ, ಹಕ್ಕಿ ನೋಡಿ. ಫಾಲ್ಕನ್‌ಗಳನ್ನೂ ಗಿಡುಗಗಳನ್ನೂ ಶತಮಾನಗಳ ಕಾಲ ಒಂದೇ ಬುಟ್ಟಿಗೆ ಹಾಕಿದ್ದರು. 2008ರಲ್ಲಿ ಬಂದ ಡಿಎನ್‌ಎ ಅಧ್ಯಯನ ನೋಡಿದರೆ ಫಾಲ್ಕನ್‌ಗಳು ಗಿಡುಗಕ್ಕಿಂತ ಗಿಳಿಗಳಿಗೆ ಹತ್ತಿರ. ಎಲ್ಲ ಭಾಷೆಗಳ ಹಳೇ ಹೆಸರುಗಳೂ ಕೊಕ್ಕು, ಉಗುರು ನೋಡಿ ಇಟ್ಟವು.

ಅಕ್ಷರಪ್ರಿಯೆ
ಅಕ್ಷರ ಬಿಡಿ ಅಂದರೆ ನಾನು ಒಪ್ಪುವುದಿಲ್ಲ. ಅಕ್ಷರ ಬಿಟ್ಟರೆ ಒಂದು ಒಳ್ಳೆಯ ವಿಷಯ ತಪ್ಪಿಹೋಗುತ್ತದೆ. ‘ಕಲಿಕೆ’ಗೆ ಚೀನೀಯಲ್ಲಿ ಶ್ಯುಎಶಿ, ಜಪಾನಿಯಲ್ಲಿ ಗಾಕುಶೂ, ಕೊರಿಯನ್‌ನಲ್ಲಿ ಹಾಕ್ಸುಪ್, ವಿಯೆಟ್ನಾಮಿಯಲ್ಲಿ ಹೋಕ್ ತಾಪ್. ನಾಲ್ಕೂ ಒಂದೇ ಜೋಡಿ ಅಕ್ಷರ. ಆ ಜೋಡಿ ಕಾಣುವ ಬಹಳ ಹಳೆಯ ಸಾಲು ‘ಲಿಜಿ’ ಅನ್ನುವ ಪ್ರಾಚೀನ ಗ್ರಂಥದಲ್ಲಿದೆ. ಬೇಸಿಗೆಯ ಕೊನೆಯ ತಿಂಗಳ ಲಕ್ಷಣ ಹೇಳುತ್ತಾ, ‘ಯಿಂಗ್ ಆಗ ಕಲಿತು ಅಭ್ಯಾಸ ಮಾಡುತ್ತದೆ’ ಅನ್ನುತ್ತದೆ. ಮರಿ ಗಿಡುಗ ರೆಕ್ಕೆ ಬಡಿದು ಹಾರಲು ಕಲಿಯುವ ಕಾಲ. ಅಭ್ಯಾಸದ ಅಕ್ಷರದ ತಲೆಯ ಮೇಲೆ ಇವತ್ತಿಗೂ ಎರಡು ರೆಕ್ಕೆಗಳಿವೆ. ಜಪಾನಿನ ಹಳೇ ಪಂಚಾಂಗದಲ್ಲಿ ಈ ಸಾಲು ಜುಲೈ ನಡುವಿನ ಐದು ದಿನಗಳ ಹೆಸರಾಗಿ ಉಳಿದಿದೆ.

ಅದೇ ಗ್ರಂಥದ ವಸಂತದ ಭಾಗದಲ್ಲಿ ಯಿಂಗ್ ಪಾರಿವಾಳದಂಥ ಹಕ್ಕಿಯಾಗಿ ಬದಲಾಗುತ್ತದೆ ಅಂತಲೂ ಇದೆ. ಜಪಾನಿನವರು ಪಂಚಾಂಗ ತಿದ್ದುವಾಗ ಅದನ್ನು ತೆಗೆದು, ಕಂಬಳಿಹುಳು ಚಿಟ್ಟೆಯಾಗುತ್ತದೆ ಅಂತ ಮಾಡಿಕೊಂಡರು.

ತುಂಗಾತೀರ
ಅಕ್ಷರಪ್ರಿಯೆ ಮೇಡಂ, ಮರಿಗಿಡುಗ ಕಲಿಯುವ ಸಾಲು ಗೋಡೆಪತ್ರಿಕೆಯ ತಲೆಬರಹದ ಕೆಳಗೇ ಹೋಗುತ್ತದೆ.

ಹಾನೋಯ್_ಹರಟೆ
ವಿಯೆಟ್ನಾಂ ಬಗ್ಗೆ ಯಾರೂ ಹೇಳಲಿಲ್ಲ. ಇಲ್ಲಿ ಚೀನೀ ಅಕ್ಷರ ಈಗ ಬಳಕೆಯಲ್ಲಿಲ್ಲ, ರೋಮನ್ ಲಿಪಿ. ಪದ ಮಾತ್ರ ಉಳಿದಿದೆ, ‘ಚಿಮ್ ಉಂಗ್’. ಚಿಮ್ ಅಂದರೆ ಹಕ್ಕಿ. ದೊಡ್ಡ ಈಗಲ್‌ಗೆ ‘ದಾಯ್ ಬಾಂಗ್’ ಅನ್ನುತ್ತಾರೆ. ಅದೂ ಚೀನಾದಿಂದ ಬಂದದ್ದೇ, ಆದರೆ ಯಿಂಗ್ ಅಲ್ಲ. ಚೀನೀ ಪುರಾಣದಲ್ಲಿ ರೆಕ್ಕೆ ಬಿಚ್ಚಿದರೆ ಮೋಡದಂತೆ ಆಕಾಶ ಮುಚ್ಚುವ ಪೆಂಗ್ ಪಕ್ಷಿ ಇದೆಯಲ್ಲ, ಅದರ ಹೆಸರು. ಪುರಾಣದ ಹಕ್ಕಿ ಇಲ್ಲಿ ನಿಜ ಹಕ್ಕಿಯಾಯಿತು.

ಹದ್ದಿಗೆ ಇಲ್ಲಿ ‘ಜ್ಯೇವ್’. ಗಾಳಿಪಟಕ್ಕೂ ಜ್ಯೇವ್! ಇಂಗ್ಲಿಷಿನ ಕೈಟ್ ಹಾಗೆ.

ಕೀಲುಂಗ್_ಮಳೆ
ಚೀನೀಯಲ್ಲೂ ಹಾಗೇ. ಹದ್ದಿನ ಅಕ್ಷರ ‘ಯುಆನ್’, ಕಾಗದದ ಯುಆನ್ ಅಂದರೆ ಗಾಳಿಪಟ. ಎಲ್ಲರೂ ಆಕಾಶ ನೋಡಿ ಒಂದೇ ಥರ ಯೋಚಿಸಿದ ಹಾಗಿದೆ.

ಅಡಿಕೆಸಿಪ್ಪೆ
ಸುದ್ದಿಗಳಲ್ಲಿ ಯುದ್ಧ ಬೇಕು ಅನ್ನುವವರಿಗೆ ಇಂಗ್ಲಿಷಿನಲ್ಲಿ ‘ಹಾಕ್’ ಅನ್ನುತ್ತಾರಲ್ಲ. ಆ ಕಡೆ ಏನನ್ನುತ್ತಾರೆ?

ಸುವೊನ್_ಸುರೇಶಣ್ಣ
ಕೊರಿಯನ್‌ನಲ್ಲಿ ಮೆಪಾ. ಚೀನೀಯಲ್ಲಿ ಯಿಂಗ್‌ಪಾಯ್, ಜಪಾನಿಯಲ್ಲಿ ತಾಕಾಹಾ. ಮೂರೂ ಒಂದೇ ಅಚ್ಚಿನವು.

ಹಾನೋಯ್_ಹರಟೆ
ಇಲ್ಲಿ ಉಂಗ್ ಬಿಟ್ಟು ‘ಜ್ಯೇವ್ ಹೌ’ ಅನ್ನುತ್ತಾರೆ. ಕೋಳಿಮರಿ ಕದಿಯುವ ಹದ್ದು ಅದೇ.

ಮೈಲಾರಿ
ಹಾಂಗ್‌ಕಾಂಗ್‌ನ ಜಿನ್ ಯೊಂಗ್ ಕಾದಂಬರಿಯ ಹೆಸರಲ್ಲೂ ಇಂಥದ್ದೇ ಒಂದು ಎಡವಟ್ಟು ಇದೆ. 1957ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾದದ್ದು. ಹೆಸರಲ್ಲಿರುವ ಹಕ್ಕಿ ‘ದಿಯಾವ್’, ಮಂಗೋಲಿಯಾದ ಬಯಲಿನ ದೊಡ್ಡ ಈಗಲ್. ಇಂಗ್ಲಿಷಿನಲ್ಲಿ ಕಾಂಡೋರ್ ಅಂತ ಆಯಿತು. ಕಾಂಡೋರ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ!

ಹಳೇಬೇರು
ಈ ಗೊಂದಲ ನಮ್ಮ ದೇಶದ ಒಂದು ಬೆಟ್ಟಕ್ಕೂ ತಟ್ಟಿದೆ. ಬಿಹಾರದ ರಾಜಗೀರ್‌ನ ಗೃಧ್ರಕೂಟ. ಬುದ್ಧ ಉಪದೇಶ ಮಾಡಿದ ಜಾಗ. ಗೃಧ್ರ ಅಂದರೆ ರಣಹದ್ದು. 5ನೇ ಶತಮಾನದ ಆರಂಭದಲ್ಲಿ ಅಲ್ಲಿಗೆ ಬಂದ ಚೀನೀ ಭಿಕ್ಷು ಫಾಹಿಯಾನ್ ಒಂದು ಕತೆ ಬರೆದಿದ್ದಾನೆ. ಬೌದ್ಧ ಕತೆಗಳಲ್ಲಿ ಬರುವ ದುಷ್ಟ ಮಾರ ರಣಹದ್ದಿನ ರೂಪದಲ್ಲಿ ಗುಹೆಯ ಮುಂದೆ ಕೂತು ಬುದ್ಧನ ಶಿಷ್ಯ ಆನಂದನನ್ನು ಹೆದರಿಸಿದನಂತೆ. ಬುದ್ಧ ಬಂಡೆಯ ಮೂಲಕವೇ ಕೈ ಚಾಚಿ ಆನಂದನ ಭುಜ ಮುಟ್ಟಿ ಸಮಾಧಾನ ಮಾಡಿದನಂತೆ. ಚೀನೀಯರು ಬೆಟ್ಟದ ಹೆಸರಿಗೆ ‘ಜ್ಯೂ’ ಅಕ್ಷರ ಬಳಸಿದರು. ಅಲ್ಲಿ ಅದು ರಣಹದ್ದು. ಅದೇ ಅಕ್ಷರ ಜಪಾನಿನಲ್ಲಿ ‘ವಾಶಿ’, ಅಂದರೆ ಈಗಲ್. ಹಾಗಾಗಿ ಜಪಾನಿನವರ ಕಣ್ಣಿಗೆ ಬುದ್ಧನ ಬೆಟ್ಟ ಈಗಲ್ ಬೆಟ್ಟ.

ಹಾಂಗ್‌ಝೌನಲ್ಲಿ ಲಿಂಗ್‌ಯಿನ್ ದೇವಾಲಯದ ಎದುರಿಗೆ ‘ಹಾರಿ ಬಂದ ಶಿಖರ’ ಇದೆ. ಭಾರತದ ಭಿಕ್ಷು ಹುಯಿಲಿ ಅದನ್ನು ನೋಡಿ, ಇದು ಗೃಧ್ರಕೂಟದ್ದೇ ಬೆಟ್ಟ, ಇಲ್ಲಿಗೆ ಹೇಗೆ ಹಾರಿ ಬಂತು ಅಂದನಂತೆ.

ಸುವೊನ್_ಸುರೇಶಣ್ಣ
ಕೊರಿಯಾದಲ್ಲೂ ಆ ಬೆಟ್ಟದ ಹೆಸರಿದೆ. ತೊಂಗ್‌ದೊಸಾ ಬೌದ್ಧ ಮಂದಿರ ಇರುವುದು ಯಂಗ್‌ಚುಕ್ ಬೆಟ್ಟದ ಬುಡದಲ್ಲಿ. ನಿಘಂಟಿನ ಪ್ರಕಾರ ಆ ಅಕ್ಷರ ‘ಚ್ವಿ’, ಮಂದಿರದವರು ಮೊದಲಿನಿಂದ ಓದುವುದು ‘ಚುಕ್’. ಫಲಕಗಳಲ್ಲಿ ಎರಡೂ ಇದ್ದು ಜನರಿಗೆ ಗೊಂದಲವಾಗುತ್ತಿತ್ತು. ಕೊನೆಗೆ 2001ರಲ್ಲಿ ಯಂಗ್‌ಚುಕ್ ಅಂತಲೇ ನಿಗದಿ ಮಾಡಿದರು.

ಇಲ್ಲಿ ‘ತೊಕ್ಸುರಿ’ ಅನ್ನುವ ಪದವೂ ಹಾಗೇ. ತೊಕ್ ಅಂದರೆ ಬೋಳು, ಸುರಿ ಅಂದರೆ ದೊಡ್ಡ ಬೇಟೆಹಕ್ಕಿ. ಹಕ್ಕಿತಜ್ಞರಿಗೆ ಅದು ಬೋಳುತಲೆಯ ಕಪ್ಪು ರಣಹದ್ದು. ಜನರಿಗೆ ಈಗಲ್. ಹನ್ವಾ ಈಗಲ್ಸ್ ಬೇಸ್‌ಬಾಲ್ ತಂಡವನ್ನೂ ತೊಕ್ಸುರಿ ಅಂತಲೇ ಕರೆಯುತ್ತಾರೆ.

ಬೀದರ್‌ವಾಲಾ
ಅಲ್ಲಿ ರಣಹದ್ದು ಇನ್ನೂ ಉಳಿದಿವೆಯಾ ಅಣ್ಣ? ನಮ್ಮಲ್ಲಿ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್‌ನಿಂದ ಹೆಚ್ಚುಕಮ್ಮಿ ಎಲ್ಲ ಹೋದವು. 2006ರಲ್ಲಿ ಆ ಔಷಧಿ ನಿಷೇಧ ಮಾಡಿದರು, 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದರು. ಆದರೂ ಈಗ ಬೆಟ್ಟದಲ್ಲಿ ಕಾಣುವುದು ಬಹಳ ಕಷ್ಟ. ಮನಸ್ಸಿಗೆ ನೋವಾಗುತ್ತದೆ.

ಸುವೊನ್_ಸುರೇಶಣ್ಣ
ಇವೆ. ಅವು ಚಳಿಗಾಲದ ಅತಿಥಿಗಳು, ಮಂಗೋಲಿಯಾದಿಂದ ಬರುತ್ತವೆ, ಬಹುಪಾಲು ಎಳೆಯವು. ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರಿಗಿಂತ ಜಾಸ್ತಿ. ಉತ್ತರದ ಗಡಿಯ ಚೊರ್‌ವೊನ್, ಪಾಜು, ದಕ್ಷಿಣದ ಕರಾವಳಿಯ ಗೊಸಂಗ್‌ನಲ್ಲಿ ಗದ್ದೆಗಳಿಗೆ ಇಳಿಯುತ್ತವೆ. ಹಸಿವಿನಿಂದ ಸಾಯಬಾರದು ಅಂತ ಊರಿನವರೇ ಮಾಂಸ ಹಾಕುತ್ತಾರೆ. 1973ರಿಂದ ಅವಕ್ಕೆ ರಾಷ್ಟ್ರೀಯ ಸಂರಕ್ಷಣೆಯೂ ಇದೆ.

ಹಕ್ಕಿಕಣ್ಣು
ಯಾವ ತಿಂಗಳು ಬಂದರೆ ಕಾಣುತ್ತವೆ ಸುರೇಶಣ್ಣ?

ಸುವೊನ್_ಸುರೇಶಣ್ಣ
ನವೆಂಬರ್ ಕೊನೆಯಿಂದ ಮಾರ್ಚ್ ಮೊದಲ ವಾರಗಳ ತನಕ. ಗೊಸಂಗ್ ಆದರೆ ಚಳಿ ಸ್ವಲ್ಪ ಕಡಿಮೆ. ಗಡಿಯ ಹತ್ತಿರ ಹೋಗುವುದಾದರೆ ಪಾಸ್‌ಪೋರ್ಟ್ ಮರೆಯಬೇಡಿ, ದಾರಿಯಲ್ಲಿ ಸೇನೆಯವರು ಕೇಳುತ್ತಾರೆ.